ಬಾಡಿಗೆಗೊಂದು ಸುಳ್ಳು

ಇಬ್ಬರು ಗಂಡಸರಿಗೆ ಒಟ್ಟಿಗೆ ಮನೆ ಕೊಡುವವರು ಆ ಊರಲ್ಲಿ ಯಾರೂ ಇರಲಿಲ್ಲ. ಆಗ ಗುರುಪಾದನೇ ದಾರಿ ಹುಡುಕಿದ್ದ. "ನೀನು ನನ್ನ ತಮ್ಮ ಅಂತ ಓನರಿಗೆ ಹೇಳ್ತೀನಿ. ನೀನೂ ಅಣ್ಣ ಅನ್ನು. ನಗಬೇಡ ಮಾತ್ರ," ಎಂದಿದ್ದ. ಆ ಒಂದು ಸುಳ್ಳಿನ ಆಸರೆಯಲ್ಲಿ ಅವರ ಸಂಸಾರ ಹನ್ನೆರಡು ವರ್ಷ ನಡೆದಿತ್ತು. ಬರಬರುತ್ತಾ, ಬಾಗಿಲು ಹಾಕಿಕೊಂಡು ಒಂದೇ ಹಾಸಿಗೆಯಲ್ಲಿ ಮಲಗಿದಾಗಲೂ ಸುಧೀಂದ್ರನ ಬಾಯಲ್ಲಿ "ಅಣ್ಣಾ" ಎಂದೇ ಬರುತ್ತಿತ್ತು, ಮುದ್ದಿಗೆ.

ಈಚೆಗೆ ಶನಿವಾರ ಬಂದರೆ ಗುರುಪಾದನಿಗೆ ಪರಊರಿನ ಕೆಲಸ. ಅಂಥದ್ದೊಂದು ಶನಿವಾರ ಸುಧೀಂದ್ರ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಹೋದ ಬೀದಿಯಲ್ಲೇ, ಒಂದು ಮನೆಯ ಮುಂದೆ, ಗುರುಪಾದನ ಸ್ಕೂಟರ್ ನಿಂತಿತ್ತು. ಆ ಮನೆಯ ಜಗಲಿಯ ಮೇಲೆ ಒಬ್ಬಾಕೆ ಅವರೆಕಾಯಿ ಸುಲಿಯುತ್ತಿದ್ದಳು.

"ಈ ಸ್ಕೂಟರಿನವರು ಇಲ್ಲಿದ್ದಾರಾ ಅಮ್ಮಾ?"

"ಮಹಡಿ ಮನೇಲಿದ್ದಾರೆ. ಅಣ್ಣ ತಮ್ಮ, ಇಬ್ಬರೇ. ತಮ್ಮ ಇಲ್ಲೇ ಇರ್ತಾನೆ, ಅಣ್ಣ ಶನಿವಾರ ಶನಿವಾರ ಬರ್ತಾರೆ."

ಮಹಡಿಯಿಂದ ಯಾರೋ ಯುವಕನ ದನಿ ನಗುತ್ತಾ "ಅಣ್ಣಾ" ಎಂದು ಕರೆಯಿತು. ಸುಧೀಂದ್ರ ತಲೆಯೆತ್ತಿ ಮಹಡಿಯತ್ತ ನೋಡಿದ.

ಆಕೆ ಸುಲಿಯುವುದು ಬಿಟ್ಟು ಅವನ ಮುಖವನ್ನೇ ನೋಡಿದಳು.

"ನಿಮ್ಮನ್ನ ಎಲ್ಲೋ ನೋಡಿದೀನಲ್ಲ," ಎಂದಳು. ಆಮೇಲೆ ತಾನೇ ನೆನಪು ಮಾಡಿಕೊಂಡಳು. "ಆ ಅಣ್ಣನ ಪರ್ಸಲ್ಲಿ ಒಂದು ಫೋಟೋ ಇದೆ, ಥೇಟ್ ನಿಮ್ಮ ಹಂಗೇ. ಯಾರು ಅಂತ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡರು ಪಾಪ. ಇನ್ನೊಬ್ಬ ತಮ್ಮನಂತೆ, ತೀರಿಹೋಗಿ ಎರಡು ವರ್ಷ ಆಯ್ತಂತೆ."