ಶಾಲೆ ಮುಂದಿನ ಹುಲ್ಲು

ಶಶಿಧರ್ ಮೊಬೈಲನ್ನು ಹುಣಸೆಮರದ ಕಾಂಡಕ್ಕೆ ಆನಿಸಿ ಹಿಡಿದ. ಸಾಕ್ಷಿ ಅಲುಗಾಡಬಾರದು. ಎದುರಿಗೆ, ಬೇಲೂರಿನಿಂದ ಗೆಂಡೆಹಳ್ಳಿಗೆ ಹೋಗುವ ಡಾಂಬರು ರಸ್ತೆಯಲ್ಲಿ, ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟಿನ ಮುಂದೆಯೇ ಹುಚ್ಚಮ್ಮ ರಾಗಿ ಹುಲ್ಲು ಹರವುತ್ತಿದ್ದಳು. ಸಮಯ ಒಂಬತ್ತು ಗಂಟೆ ಹತ್ತು ನಿಮಿಷ.

“ಸೀರೆ ಬದ್ಲಾಯಿಸ್ಕೊಂಡ್ ಬತ್ತೀನಿ ಇರಪ್ಪ,” ಅಂದಳು ಮುದುಕಿ, ಬಗ್ಗಿದ ಬೆನ್ನು ಎತ್ತದೆ. “ಇದು ಹರಿದೈತೆ.”

“ನಿಮ್ಮ ಫೋಟೋ ಅಲ್ಲ ಅಜ್ಜಿ. ರಸ್ತೆದು.”

“ರಸ್ತೇನೂ ಹರಿದೈತೆ.”

ಶಶಿಧರ್ ನಗಲಿಲ್ಲ. ಬೇಲೂರಿನ ಓದುಗರ ಬಳಗದಲ್ಲಿ ಹತ್ತು ವರ್ಷ ಕೂತು ಪ್ರಭುತ್ವ, ಪ್ರತಿರೋಧ ಎಂದೆಲ್ಲ ಓದಿ ಪಳಗಿದವನು. ಹೋರಾಟದ ಬರಹಗಾರ ಸ್ಥಳ ಪರಿಶೀಲನೆಯ ಹೊತ್ತಲ್ಲಿ ನಗುವುದಿಲ್ಲ. ಗಾಳಿಗೆ ಹುಲ್ಲು ಏಳತೊಡಗಿತು. ಹುಚ್ಚಮ್ಮ ಚೊಂಬಿನಿಂದ ಅದರ ಮೇಲೆ ನೀರು ಚಿಮುಕಿಸಿದಳು. ಅದನ್ನೂ ಅವನು ಚಿತ್ರೀಕರಿಸಿಕೊಂಡ.

ಅವನ ಮಗಳು ದಿವ್ಯಾ ಇದೇ ಶಾಲೆಯಲ್ಲಿ ಎರಡನೇ ತರಗತಿ. ಮಕ್ಕಳು ಈ ರಸ್ತೆ ದಾಟಿಯೇ ಬರಬೇಕು. ತಿರುವಿನ ಆಚೆಯಿಂದ ನುಗ್ಗಿ ಬರುವ ಗಾಡಿಗಳಿಗೆ ಶಾಲೆ ಕಾಣುವುದೇ ಇಲ್ಲ. ಎರಡು ಹಂಪ್ ಹಾಕಿದರೆ ಮುಗಿಯಿತು. ಇಷ್ಟನ್ನು ಹೇಳಲು ಅವನು ಸಂಕ್ರಾಂತಿಯಿಂದ ಈಚೆಗೆ ಹದಿನಾಲ್ಕು ಮನವಿ ಬರೆದಿದ್ದ. ಮೊದಲನೆಯದು ಚಕ್ರದ ಆವಿಷ್ಕಾರದಿಂದ ಹೊರಟು ಆರನೆಯ ಪುಟದಲ್ಲಿ ಹಂಪ್ ತಲುಪಿತ್ತು. ಲೋಕೋಪಯೋಗಿ ಇಲಾಖೆ ಕಚೇರಿಯಲ್ಲಿ ಟಪಾಲು ನೋಡುವ ಹೇಮಾಶ್ರೀ, “ಮೂರನೇ ಪುಟ ಚೆನ್ನಾಗಿತ್ತು ಸಾರ್,” ಅಂದಿದ್ದಳು. ಆ ವಾರವೆಲ್ಲ ಅವನಿಗೆ ಹಂಪ್ ನೆನಪೇ ಆಗಲಿಲ್ಲ.

ಕೊನೆಗೆ ಹೋದ ವಾರ ಅದೇ ಕಚೇರಿಯ ಎಂಜಿನಿಯರ್ ಇಂದ್ರೇಶ್ ವೇಗ ಅಳೆಯುವ ಯಂತ್ರ ತಂದು ಶಾಲೆ ಮುಂದೆ ಎರಡು ದಿನ ನಿಂತ. ಹಿಂಬರಹ ಬಂತು: “ವಾಹನಗಳ ಸರಾಸರಿ ವೇಗ ಗಂಟೆಗೆ ಹದಿನೆಂಟು ಕಿಲೋಮೀಟರ್. ಹಂಪ್‌ನ ಅವಶ್ಯಕತೆ ಕಂಡುಬಂದಿರುವುದಿಲ್ಲ.”

ಶಶಿಧರ್ ಮೊದಲು ಸರ್ಕಾರವನ್ನು ಅನುಮಾನಿಸಿದ. ಅದು ಅವನ ಅಭ್ಯಾಸ. ಎರಡು ಪುಟ ಬೈದು ಬರೆದ ಮೇಲೆ ಹೊಳೆಯಿತು. ಹುಲ್ಲಿನ ಮೇಲೆ ಜಾರುತ್ತದೆಂದು ಎಲ್ಲ ಗಾಡಿಗಳೂ ಅಲ್ಲಿ ಆಮೆಯಾಗುತ್ತವೆ. ಕಣ ಮಾಡುವ ಗೋಜಿಲ್ಲದೆ ತೆನೆಯನ್ನು ರಸ್ತೆಗೆ ಹರವಿ, ಲಾರಿ ಬಸ್ಸುಗಳ ಚಕ್ರದಿಂದ ಕಾಳು ಬಿಡಿಸಿಕೊಳ್ಳುವುದು ಈ ಸೀಮೆಯಲ್ಲಿ ಹೊಸದಲ್ಲ. ಅವನೂ ರಾಗಿ ಬೆಳೆಯುವ ಮನೆಯವನೇ. ಆದರೆ ರಾಗಿಯ ಪರಿಚಯವಾಗಿದ್ದು ಅದು ಮುದ್ದೆಯಾದ ಮೇಲೆ.

ಹದಿನೈದನೆಯ ಮನವಿ ಒಂದೇ ಪುಟ. ಬೆಂಕಿಯಂಥ ಪುಟ.

“ಈಕೆಗೆ ಒಂದು ಗುಂಟೆ ಜಮೀನೂ ಇಲ್ಲ. ಅಂದಮೇಲೆ ಬೆನ್ನ ಹಿಂದೆ ಯಾರೋ ಜಮೀನ್ದಾರ ಇರಲೇಬೇಕು. ನನ್ನ ಮೊದಲ ಮನವಿಯ ಮರುವಾರದಿಂದಲೇ ಈ ಒಕ್ಕಣೆ ಶುರುವಾಗಿರುವುದು ಕಾಕತಾಳೀಯವಲ್ಲ. ಮೊದಲ ಮಗು ಬರುವ ಮುಂಚೆ ಹರವಿ, ಕೊನೆಯ ಮಗು ಹೋದ ಮೇಲೆ ಬಾಚುವ ಶಿಸ್ತು ನೋಡಿ. ಭಾನುವಾರ ರಜೆ ಪಡೆಯುವಷ್ಟು ಈ ಅತಿಕ್ರಮಣ ಸಂಘಟಿತವಾಗಿದೆ.”

ಕೊನೆಯ ವಾಕ್ಯ ಅವನಿಗೇ ಎಷ್ಟು ಹಿಡಿಸಿತೆಂದರೆ ಬಳಗದಲ್ಲಿ ಎರಡು ಸಲ ಓದಿದ. ಐದು ಜನರಿದ್ದರು. ಮೂವರು ತಲೆದೂಗಿದರು.

ನಾಲ್ಕನೆಯ ದಿನಕ್ಕೆ ಟ್ರ್ಯಾಕ್ಟರ್ ಬಂತು. ಅವನ ಬರವಣಿಗೆಯಿಂದ ಲೋಕದಲ್ಲಿ ಆದ ಮೊದಲ ಬದಲಾವಣೆ ಅದು. ಹುಚ್ಚಮ್ಮ ಗೇಟಿನ ಬಳಿ ಓಡಿಬಂದು ನಿಂತಳು. ಮುಖ ಅರಳಿತ್ತು.

“ಹಂಪ್ ಹಾಕಾಕೆ ಬಂದ್ರಾ ಸಾಮಿ?”

“ಇಲ್ಲಮ್ಮ, ಹುಲ್ಲು ಎತ್ತೋಕೆ,” ಅಂದ ಇಂದ್ರೇಶ್.

ಅವಳು ಚೊಂಬು ಎತ್ತಿಕೊಂಡು ಬದಿಗೆ ಸರಿದಳು. ಇಂದ್ರೇಶ್ ಶಶಿಧರನ ಕಡೆ ತಿರುಗಿದ. “ಈ ಸಲ ಒಂದೇ ಪುಟ ಇತ್ತಲ್ಲ ಸಾರ್, ಪೂರ್ತಿ ಓದಿದ್ವಿ.”

“ಮತ್ತೆ ವೇಗ ಅಳೆಯೋದು ಯಾವಾಗ?”

“ಯಂತ್ರ ಹಾಸನಕ್ಕೆ ಹೋಗಿದೆ. ದೀಪಾವಳಿ ಕಳೀಲಿ.”

ಮರುದಿನ ಬೆಳಿಗ್ಗೆ ರಸ್ತೆ ಕನ್ನಡಿಯಂತೆ ಸ್ವಚ್ಛವಾಗಿತ್ತು. ದಿವ್ಯಾ ದಾಟಲು ಎರಡು ಹೆಜ್ಜೆ ಇಟ್ಟಳು. ತಿರುವಿನಿಂದ ಬಂದ ಪಿಕಪ್ ವೇಗ ತಗ್ಗಿಸಲೇ ಇಲ್ಲ. ಶಶಿಧರ್ ಮಗಳ ಚೀಲ ಹಿಡಿದು ಹಿಂದಕ್ಕೆಳೆದ. ಅವಳ ಕೈಯಲ್ಲಿದ್ದ ಬಿಸಿಯೂಟದ ತಟ್ಟೆ ಚಕ್ರದಡಿ ಹೋಯಿತು.

“ಅಪ್ಪ, ತಟ್ಟೆ ಪೇಪರ್ ಆಯ್ತು,” ಅಂದಳು ಮಗಳು. ಅವನು ಅವಳನ್ನು ಎತ್ತಿಕೊಂಡೇ ರಸ್ತೆ ದಾಟಿದ.

ಅಂದಿನಿಂದ ಮೂರು ದಿನ ಕೆಂಪು ಟವೆಲ್ ಬೀಸುತ್ತ ತಾನೇ ರಸ್ತೆಯಲ್ಲಿ ನಿಂತ. ಚಂದಾ ಎತ್ತುವವನೆಂದು ತಿಳಿದು ಗಾಡಿಗಳು ಇನ್ನೂ ಜೋರಾಗಿ ಹೋದವು. ಗಾಡಿಗಳನ್ನು ನಿಧಾನ ಮಾಡಲು ತನ್ನ ಹದಿನೈದು ಮನವಿಗಿಂತ ಒಬ್ಬ ಮುದುಕಿಯ ದುರಾಸೆಯೇ ಹೆಚ್ಚು ಉಪಯೋಗಕ್ಕೆ ಬಂದಿತ್ತೆಂದು ಒಪ್ಪಿಕೊಳ್ಳಲು ಅವನಿಗೆ ಅಷ್ಟು ಹೊತ್ತು ಬೇಕಾಯಿತು.

ನಾಲ್ಕನೆಯ ಸಂಜೆ ಹುಚ್ಚಮ್ಮನ ಬಾಗಿಲಿಗೆ ಹೋದ. ಕ್ಷಮೆಯ ಭಾಷಣವನ್ನು ದಾರಿಯುದ್ದಕ್ಕೂ ತಿದ್ದಿಕೊಂಡಿದ್ದ. ಅವಳ ಮುಖ ಕಂಡದ್ದೇ ಎಲ್ಲ ಮರೆತುಹೋಯಿತು.

“ಅಜ್ಜಿ, ನಿಮ್ಮ ರಾಗಿ ಮತ್ತೆ ರಸ್ತೆಗೇ ಹಾಕಿ. ನಿಮ್ಮ ಲಾಭ ನಿಮಗೆ, ಮಕ್ಕಳೂ ಉಳೀತಾರೆ. ಯಾರ ಹೊಲದ್ದಾದ್ರೂ ಸರಿ, ನಾನು ಕೇಳಲ್ಲ.”

ಹುಚ್ಚಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಟದಲ್ಲಿ ಕನಿಕರವಿತ್ತು.

“ಈಗ್ಯಾವ ರಾಗಿ ಕಣಪ್ಪ, ಊರಾಗೆ ಇನ್ನೂ ಬಿತ್ನೇನೇ ಆಗಿಲ್ಲ, ನಿನ್ನ ಅರ್ಜಿಗೆ ಹಂಪ್ ಬರೋಗಂಟ ಮಕ್ಳು ದಾಟ್ಕಳ್ಲಿ ಅಂತ ಬರೀ ಹುಲ್ಲು ಹಾಸ್ತಿದ್ದೆ.”