ಹಸಿರು ಗೂಡು

"ಸಹಿ ಹಾಕು ಮಗಳೇ. ಹುಳು ತಂದವಳು ಆ ಮುದುಕೀನೇ."

ದೊನ್ಯಾ ಒರ್ತೆನ್ಸಿಯಾ ವರದಿಯನ್ನು ಸೂಕ್ಷ್ಮದರ್ಶಕದ ಪಕ್ಕಕ್ಕೆ ತಳ್ಳಿದರು. ಇಲಾರಿಯಾ ಪೆನ್ನು ಎತ್ತಲಿಲ್ಲ. ಅರೆಕಿಪಾದ ಈ ವಸ್ತುಸಂಗ್ರಹಾಲಯದಲ್ಲಿ ಅವಳಿಗೆ ಕೆಲಸ ಕೊಡಿಸಿದವರು, ಕಲಿಸಿದವರು, ಹಬ್ಬಕ್ಕೆ ಮನೆಗೆ ಕರೆದವರು ಎಲ್ಲ ಇವರೇ. ಎದುರಾಡುವುದನ್ನು ಮಾತ್ರ ಕಲಿಸಿರಲಿಲ್ಲ.

ಬಾಗಿಲಲ್ಲಿ ಸತುರ್ನಿನಾ ನಿಂತಿದ್ದಳು. ಇಪ್ಪತ್ತು ವರ್ಷದಿಂದ ಉಗ್ರಾಣ ಗುಡಿಸುವವಳು. ಅವಳೂರಿನ ಹೆಂಗಸರಿಗೆ ನಡೆಯುವಾಗಲೂ ಕೈಯಲ್ಲಿ ಕದಿರು ತಿರುಗುತ್ತಿರಬೇಕು. ಸೊಂಟದ ಗಂಟಿನಲ್ಲಿ ತಾನೇ ಸಾಕಿದ ಅಲ್ಪಾಕಾಗಳ ಬಿಳಿ ಉಣ್ಣೆ. ಒಳಗೆ ತರಬೇಡ ಎಂದರೂ ಕೇಳಿದವಳಲ್ಲ. ಬೆಳಿಗ್ಗೆ ತಪಾಸಣೆಗೆಂದು ಎಲ್ಲರೆದುರು ಬೀಗದ ಪೆಟ್ಟಿಗೆ ತೆರೆದಾಗ, ಎರಡು ಸಾವಿರ ವರ್ಷ ಹಳೆಯ ಕೆಂಪು ಉಣ್ಣೆಯ ಹೊದಿಕೆಯ ಮೇಲೆ ನುಸಿಹುಳು ಸಿಕ್ಕಿತ್ತು. ಸಹಿ ಬಿದ್ದರೆ ನಾಳೆಯಿಂದ ಅವಳಿಗೆ ಕೆಲಸವಿಲ್ಲ.

"ಆ ಪೆಟ್ಗೆ ನಾನು ಮುಟ್ಟೇ ಇಲ್ಲಮ್ಮ," ಎಂದಳು ಸತುರ್ನಿನಾ. "ಬೀಗದ ಕೈ ದೊನ್ಯಾ ಕುತ್ತಿಗೇಲೇ ನೇತಾಡ್ತದಲ್ಲ."

"ಹುಳಕ್ಕೆ ಬೀಗದ ಕೈ ಬೇಕೇನೇ?" ಒರ್ತೆನ್ಸಿಯಾ ನಕ್ಕರು. "ಮೂರು ವರ್ಷದಿಂದ ನಾನೂ ತೆಗೆದಿಲ್ಲ ಅದನ್ನ."

"ಹೊದಿಕೇನೂ ಒಮ್ಮೆ ನೋಡ್ಲಾ, ದೊನ್ಯಾ?" ಎಂದಳು ಇಲಾರಿಯಾ.

"ಅದರ ತಂಟೆಗೆ ಹೋಗ್ಬೇಡ. ನಾನೇ ನೋಡಿದೀನಿ. ದೇವರ ದಯೆ, ಒಂದು ತೂತೂ ಬಿದ್ದಿಲ್ಲ." ಒರ್ತೆನ್ಸಿಯಾ ತೋಳು ಉಜ್ಜಿಕೊಂಡರು. "ಏನು ಚಳಿ ಇವತ್ತು!"

"ನಾನು ಹೆಣೆದುಕೊಟ್ಟ ಶಾಲು ಎಲ್ಲಿ?"

"ಮನೇಲಿ ಮರೆತೆ ಕಣೇ."

ಇಲಾರಿಯಾ ಕಣ್ಣು ಮಸೂರಕ್ಕೆ ಹಚ್ಚಿದಳು. ಅಕ್ಕಿಕಾಳಿನಷ್ಟು ಗೂಡು, ಒಳಗೆ ಹುಳು. ಮೊದಲ ದಿನ ಒರ್ತೆನ್ಸಿಯಾ ಹೇಳಿಕೊಟ್ಟ ಪಾಠವೇ ಇದು: ಈ ಹುಳು ತಾನು ತಿಂದ ಉಣ್ಣೆಯ ಎಳೆಗಳಿಂದಲೇ ಗೂಡು ಹೆಣೆದು ಹೊದ್ದುಕೊಳ್ಳುತ್ತದೆ. ಹತ್ತಿಯನ್ನು ಮೂಸಿಯೂ ನೋಡುವುದಿಲ್ಲ.

ಗೂಡಿನಲ್ಲಿ ಬಿಳಿ ಎಳೆ ಒಂದೂ ಇರಲಿಲ್ಲ.

"ಸತುರ್ನಿನಾ, ನೀನಲ್ಲ. ಹೋಗು, ನೂಲು."

"ನನಗೆ ಗೊತ್ತಿತ್ತು ಬಿಡಮ್ಮ," ಎಂದು ಮುದುಕಿ ಕದಿರು ತಿರುಗಿಸುತ್ತ ಹೊರಟಳು. ಒರ್ತೆನ್ಸಿಯಾ ನಗಲಿಲ್ಲ.

ಗೂಡು ಹಸಿರಾಗಿತ್ತು. ಆ ಹಸಿರನ್ನು ಇಲಾರಿಯಾ ಬಲ್ಲಳು. ಚಿಲ್ಕಾ ಎಲೆ ಕುದಿಸಿ ಅವಳೇ ಹಾಕಿದ ಬಣ್ಣ. ಆಮೇಲೆ ಎಷ್ಟು ಕುದಿಸಿದರೂ ಮತ್ತೆ ಬಾರದ ಬಣ್ಣ. ಹೋದ ಕ್ರಿಸ್ಮಸ್ಸಿಗೆ ದೊನ್ಯಾಗೆಂದು ಹೆಣೆದ ಉಣ್ಣೆಯ ಶಾಲಿನದೇ ಅದು.

ಮೂರು ವರ್ಷದಿಂದ ಪೆಟ್ಟಿಗೆಯನ್ನೇ ತೆಗೆದಿಲ್ಲ ಎಂದಿದ್ದರು. ಆದರೂ ಮನಸ್ಸು ಅವರ ಪರವಾಗಿಯೇ ವಾದಿಸಿತು: ಒಂದು ಸಲ ಆಸೆಗೆ ತೆರೆದು ನೋಡಿರಬಹುದು, ಹೇಳಲು ಅಂಜಿರಬಹುದು. ಆಮೇಲೆ ಹುಳು ಹೊದಿಕೆಯನ್ನು ತಿನ್ನತೊಡಗಿದ್ದರೆ ಗೂಡಿನ ಹೊಸ ತುದಿ ಕೆಂಪಾಗಿರಬೇಕು. ಅವಳು ಸೂಜಿಯಿಂದ ಗೂಡನ್ನು ಹೊರಳಿಸಿದಳು. ಈ ತುದಿಯಿಂದ ಆ ತುದಿಯವರೆಗೂ ಹಸಿರೇ. ಸೀಳಿದಳು. ಒಳಗಿನ ಹುಳು ಒಣಗಿ ನೂಲಿನೆಳೆಯಾಗಿತ್ತು.

ಎರಡು ಸಾವಿರ ವರ್ಷದ ಉಣ್ಣೆಯ ಮೇಲೆ ಕೂತು, ಹತ್ತಿಯ ಮೇಲೆ ಕೂತ ಹಾಗೆ, ಅದು ಹಸಿವಿನಿಂದ ಸತ್ತಿತ್ತು.