ಮೂವತ್ತೊಂದನೆಯ ಕಂಪ್ಯೂಟರ್

ಕಚೇರಿಯ ನೆಟ್‌ವರ್ಕ್‌ಗೆ ಅನುಮತಿಯಿಲ್ಲದೆ ಸೇರಿದ ಕಂಪ್ಯೂಟರನ್ನು ಹಿಡಿದು ಹೊರಹಾಕುವ ಸಾಫ್ಟ್‌ವೇರ್ ಮಾರಲು ಒಬ್ಬ ಸೇಲ್ಸ್‌ಮನ್ ಬಂದಿದ್ದ. ತನ್ನ ಲ್ಯಾಪ್‌ಟಾಪನ್ನು ಅಲ್ಲಿಯ ವೈಫೈಗೆ ಸೇರಿಸಿ ಅದನ್ನು ನಡೆಸಿ ತೋರಿಸಿದ. ಪರದೆಯ ಮೇಲೆ ಮೂವತ್ತೊಂದು ಕಂಪ್ಯೂಟರ್ ಕಾಣಿಸಿದವು.

“ನಮ್ಮವು ಮೂವತ್ತೇ,” ಎಂದರು ಮಾಲೀಕರು.

“ನೋಡಿದ್ರಾ ಸಾರ್, ಕಳ್ಳ ಒಳಗೇ ಇದ್ದಾನೆ. ಹಿಡಿದುಕೊಟ್ರೆ ಆರ್ಡರ್ ನಂಗೇ ತಾನೆ?”

“ನಿಮಗೇ. ಯಾವಾಗ ಹಿಡೀತೀರಿ?”

“ಮೊದಲು ನಿಮ್ಮವೆಲ್ಲ ಯಾವುವು ಅಂತ ಪಟ್ಟಿ ಮಾಡ್ಬೇಕು. ಎರಡು ವಾರ ಬೇಕು ಸಾರ್.”

“ಅಷ್ಟು ದಿನ ಯಾಕ್ರೀ? ಹೋದ ವಾರ ಆಯುಧಪೂಜೆಗೆ ನಮ್ಮವಕ್ಕೆಲ್ಲ ಕುಂಕುಮ ಇಟ್ಟಿದೀವಿ. ಪಂಕಜಮ್ಮ, ಕುಂಕುಮ ಇಲ್ಲದ್ದು ಯಾವುದು, ನೋಡ್ಕೊಂಡು ಬನ್ನಿ.”

ಕಚೇರಿಯೆಲ್ಲ ಸುತ್ತಿ ಬಂದ ಗುಮಾಸ್ತೆ ಪಂಕಜಮ್ಮ, ಕೊನೆಗೆ ಸೇಲ್ಸ್‌ಮನ್ನಿನ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದರು.

“ಇದೊಂದೇ ಸಾರ್. ಹೊರಗೆ ಹಾಕ್ಲಾ, ಕುಂಕುಮ ಇಡ್ಲಾ?”